ಹಿಡಿದದ್ದು ಅದನ್ನೇ ಎಂದು ಯಾರು ನೋಡಿದ್ದು? ಶಾರ್ಕ್ ದಾಳಿಯ ವಾರದಲ್ಲಿ ಕೊಡಗಿನ ಒಂದು ತಂಡ

2010ರ ಡಿಸೆಂಬರ್ ಮೊದಲ ವಾರ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಎಂಬ ಕಡಲತೀರದ ಪಟ್ಟಣದಲ್ಲಿ ಶಾರ್ಕ್ ದಾಳಿಗಳು ನಡೆಯುತ್ತಿದ್ದ ದಿನಗಳಲ್ಲಿ, ಕೊಡಗಿನಿಂದ ಹೋದ ಹನ್ನೆರಡು ಜನರ ತಂಡವೊಂದು ಅಲ್ಲಿತ್ತು. ತಂಡದ ಯಾರಿಗೂ ಒಂದು ಗೀರು ಗಾಯವೂ ಆಗಲಿಲ್ಲ. ಹಾಗಿದ್ದರೂ ಈ ಪ್ರಕರಣವನ್ನು ಬರೆದಿಡಬೇಕೆಂದು ನನಗೆ ಅನ್ನಿಸಿದ್ದು, ನಾವು ಪಾರಾದುದರಲ್ಲಿ ಒಂದು ಪಾಲು ಮಾತ್ರ ಸರಿಯಾದ ತೀರ್ಮಾನದ್ದು, ಉಳಿದದ್ದು ಅದೃಷ್ಟದ್ದು ಎಂಬುದು ತಡವಾಗಿ ಅರಿವಾದ ಕಾರಣಕ್ಕೆ. ಆ ಪ್ರವಾಸವನ್ನು ಏರ್ಪಡಿಸಿದ ಸಣ್ಣ ಸಂಸ್ಥೆಯ ಇಬ್ಬರು ಪಾಲುದಾರರಲ್ಲಿ ನಾನೊಬ್ಬ. ತಂಡದ ಜೊತೆ ಹೋದವನು ಇನ್ನೊಬ್ಬ. ಅವನನ್ನು ಇಲ್ಲಿ ಸಂಯೋಜಕ ಎಂದಷ್ಟೇ ಕರೆಯುತ್ತೇನೆ. ನಾನು ಮಡಿಕೇರಿಯ ಕಚೇರಿಯಲ್ಲಿ ಫೋನಿನ ಪಕ್ಕ ಕೂತಿದ್ದೆ. ಪ್ರವಾಸಿಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಊರು, ಮನೆತನ, ತಂಗಿದ್ದ ಹೋಟೆಲು, ನಮಗೆ ಅಲ್ಲಿನ ವ್ಯವಸ್ಥೆ ಮಾಡಿಕೊಟ್ಟ ಏಜೆಂಟರು, ಇವುಗಳಲ್ಲಿ ಯಾವುದನ್ನೂ ಹೆಸರಿಸಿಲ್ಲ.

ಹಿನ್ನೆಲೆ

ನಮ್ಮ ಮುಖ್ಯ ಕೆಲಸ ಮಳೆಗಾಲದಲ್ಲಿ ಬರಪೊಳೆ ನದಿಯ ರ‍್ಯಾಫ್ಟಿಂಗ್, ಮಳೆ ಬಿಟ್ಟ ಮೇಲೆ ತಡಿಯಂಡಮೋಳ್ ಮತ್ತು ಬ್ರಹ್ಮಗಿರಿಯ ಕಡೆಗೆ ಚಾರಣ. ಕಡಲಿನ ಅನುಭವ ನಮ್ಮಿಬ್ಬರಿಗೂ ಇರಲಿಲ್ಲ. ಆದರೆ ನಮ್ಮ ರ‍್ಯಾಫ್ಟಿಂಗ್‌ಗೆ ಬರುತ್ತಿದ್ದ ಸ್ಥಳೀಯ ಯುವಕರಲ್ಲಿ ಕೆಲವರು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಕಲಿತು ಬಂದಿದ್ದರು, ಕೆಂಪು ಸಮುದ್ರದ ಹವಳವನ್ನು ಒಮ್ಮೆ ನೋಡಲೇಬೇಕೆಂದು ಎರಡು ವರ್ಷ ನಮ್ಮ ಬೆನ್ನು ಹತ್ತಿದ್ದರು. ಅವರ ಜೊತೆಗೆ ಅವರ ಮನೆಯವರೂ ಸೇರಿ ಹನ್ನೆರಡು ಜನರಾದರು: ಡೈವಿಂಗ್ ಪ್ರಮಾಣಪತ್ರ ಇದ್ದವರು ಐವರು, ನೀರಿನ ಮೇಲ್ಮೈಯಲ್ಲಿ ಕನ್ನಡಕ ಮತ್ತು ಉಸಿರುಕೊಳವೆ ಹಾಕಿ ತೇಲುವ ಸ್ನಾರ್ಕೆಲಿಂಗ್ ಮಾಡಲಿದ್ದವರು ಆರು ಮಂದಿ, ಮತ್ತು ನೀರಿಗೆ ಇಳಿಯುವ ಆಸೆಯೇ ಇಲ್ಲದ, ಮಗ ಸೊಸೆಯ ಒತ್ತಾಯಕ್ಕೆ ಹೊರಟ ಎಪ್ಪತ್ತರ ಆಸುಪಾಸಿನ ಒಬ್ಬ ತೋಟದ ಹಿರಿಯರು. ರೊಬಸ್ಟಾ ಕೊಯ್ಲು ಶುರುವಾಗುವ ಮುನ್ನ ಸಿಗುವ ಬಿಡುವನ್ನು ನೋಡಿ ಡಿಸೆಂಬರ್ 2ರ ರಾತ್ರಿ ಮಡಿಕೇರಿ ಬಿಡುವುದೆಂದು ನಿಗದಿಯಾಗಿತ್ತು.

ಶರ್ಮ್ ಎಲ್ ಶೇಖ್ ಸಿನಾಯ್ ಪರ್ಯಾಯ ದ್ವೀಪದ ದಕ್ಷಿಣ ತುದಿಯ ಬಳಿ ಇದೆ. ಪಕ್ಕದಲ್ಲೇ 1983ರಲ್ಲಿ ಘೋಷಣೆಯಾದ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ದಡದ ಒಂದು ಗುಣವನ್ನು ಓದುಗರು ಗಮನದಲ್ಲಿಡಬೇಕು. ಹವಳದ ದಿಬ್ಬ ದಡಕ್ಕೆ ಅಂಟಿಕೊಂಡೇ ಇರುತ್ತದೆ, ದಿಬ್ಬದ ಅಂಚು ದಾಟಿದ ಕೂಡಲೇ ಗೋಡೆಯಂತೆ ಆಳ ಶುರುವಾಗುತ್ತದೆ. ಹೀಗಾಗಿ ನಡುಗಡಲಿನಲ್ಲಿ ಬದುಕುವ ಮೀನುಗಳಿಗೂ ಜನ ಈಜುವ ಜಾಗಕ್ಕೂ ನಡುವೆ ದೂರ ಬಹಳ ಕಡಿಮೆ. ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ: ಕಾಡಿನ ಅಂಚಿಗೇ ತೋಟ, ತೋಟದ ಅಂಚಿಗೇ ಕಾರ್ಮಿಕರ ಲೈನ್ ಮನೆ ಇದ್ದ ಹಾಗೆ.

ಸಮಸ್ಯೆ

ಡಿಸೆಂಬರ್ ಆರಂಭದ ಹೊತ್ತಿಗೆ ಶರ್ಮ್‌ನ ದಡದಲ್ಲಿ ಈಜುತ್ತಿದ್ದ ಮೂವರು ರಷ್ಯನ್ನರು ಮತ್ತು ಒಬ್ಬ ಉಕ್ರೇನಿಯನ್ ಪ್ರವಾಸಿ ಶಾರ್ಕ್ ಕಡಿತದಿಂದ ತೀವ್ರವಾಗಿ ಗಾಯಗೊಂಡಿದ್ದರು. ಇಷ್ಟು ಕಡಿಮೆ ಅವಧಿಯಲ್ಲಿ, ಇಷ್ಟು ಹತ್ತಿರದ ಜಾಗಗಳಲ್ಲಿ ಹೀಗೆ ಆಗಿದ್ದನ್ನು ತಾವು ಕಂಡೇ ಇಲ್ಲವೆಂದು ಶಾರ್ಕ್ ತಜ್ಞರೇ ಹೇಳಿದರು. ಅಧಿಕಾರಿಗಳು ಈಜನ್ನು ನಿಲ್ಲಿಸಿ ಶಾರ್ಕ್ ಹಿಡಿಯಲು ಹೊರಟರು. ಡಿಸೆಂಬರ್ 2ರಂದು ಎರಡು ಶಾರ್ಕ್‌ಗಳನ್ನು ಹಿಡಿದು ಕೊಂದ ಸುದ್ದಿ ಬಂತು. ಒಂದು, ರೆಕ್ಕೆಯ ತುದಿಗಳು ಬೆಳ್ಳಗಿರುವ ಓಶಿಯಾನಿಕ್ ವೈಟ್‌ಟಿಪ್, ಇನ್ನೊಂದು ಮಾಕೋ. ಎರಡೂ ನಡುಗಡಲಿನ ಜಾತಿಗಳು.

ಆ ದಿನ ಮಧ್ಯಾಹ್ನ ಏಜೆಂಟರ ಫೋನು ಬಂತು. ಶಾರ್ಕ್ ಸಿಕ್ಕಿಬಿದ್ದಿದೆ, ಇನ್ನು ಚಿಂತೆಯಿಲ್ಲ, ನೀವು ಹೊರಟು ಬನ್ನಿ ಎಂದರು. ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ವಿಮಾನದ ಟಿಕೆಟ್ ಮತ್ತು ಹೋಟೆಲಿನ ಹಣದಲ್ಲಿ ಹೆಚ್ಚಿನ ಪಾಲು ಮುಳುಗುತ್ತದೆ ಎಂಬುದೂ ಅದೇ ಫೋನಿನಲ್ಲಿ ತಿಳಿಯಿತು. ನಾನೂ ಸಂಯೋಜಕನೂ ಹತ್ತು ನಿಮಿಷ ಮಾತಾಡಿ ಹೊರಡುವುದೆಂದು ತೀರ್ಮಾನಿಸಿದೆವು. ಅಲ್ಲಿ ಹೋಗಿ ಪರಿಸ್ಥಿತಿ ನೋಡಿಕೊಳ್ಳೋಣ ಎಂಬ ಮಾತು ಆಡಿದ್ದು ನಿಜ. ಆದರೆ ಆ ತೀರ್ಮಾನದ ಹಿಂದೆ ಇದ್ದದ್ದು ಹಣ. ತಂಡದವರಿಗೆ ಏಜೆಂಟರ ಮಾತನ್ನು ತಲುಪಿಸಿದೆವು, ನಮ್ಮ ಲೆಕ್ಕಾಚಾರವನ್ನು ತಲುಪಿಸಲಿಲ್ಲ. ಹೊರಡುವುದೋ ಬಿಡುವುದೋ ಎಂದು ಕೇಳಲೂ ಇಲ್ಲ. ಇದು ಈ ಪ್ರಕರಣದ ಮೊದಲ ತಪ್ಪು ಮತ್ತು ನನ್ನ ಮಟ್ಟಿಗೆ ಅತ್ಯಂತ ದೊಡ್ಡದು, ಏಕೆಂದರೆ ಮುಂದಿನ ಎಲ್ಲವೂ ಇದರಿಂದಲೇ ಹುಟ್ಟಿತು. ಆ ರಾತ್ರಿ ಗಾಡಿ ಹೊರಟ ಮೇಲೆ ನಾನು ವಿಮೆಯ ಕಾಗದವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಸಾಹಸ ಕ್ರೀಡೆಗಳಿಂದಾದ ಗಾಯಕ್ಕೆ ಪರಿಹಾರವಿಲ್ಲ ಎಂಬ ಸಾಲು ಅದರಲ್ಲಿತ್ತು, ಸ್ಕೂಬಾ ಡೈವಿಂಗ್ ಹೆಸರು ಹಿಡಿದೇ ಸೇರಿತ್ತು.

ನಾಲ್ಕನೆಯ ತಾರೀಖಿನ ಸಂಜೆ

ಡಿಸೆಂಬರ್ 4, ಶನಿವಾರ. ಊಟವಾದ ಮೇಲೆ ಹೋಟೆಲಿನವರು ನೀರಿಗೆ ಇಳಿಯಬಹುದೆಂದು ತಿಳಿಸಿದರು. ಹೋಟೆಲಿನ ಡೈವಿಂಗ್ ಕೇಂದ್ರದವರು ಮರುದಿನದ ಬೋಟಿಗೆ ಹೆಸರು ಕೇಳಿಕೊಂಡು ಬಂದರು. ಐವರು ಡೈವರ್‌ಗಳು ಆಗಲೇ ಉತ್ಸಾಹದಲ್ಲಿದ್ದರು. ಅವರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ: ಕಡಿತಕ್ಕೆ ಒಳಗಾದವರು ನೀರಿನ ಮೇಲ್ಮೈಯಲ್ಲಿ ಈಜುತ್ತಿದ್ದವರು ಇಲ್ಲವೇ ಸ್ನಾರ್ಕೆಲಿಂಗ್ ಮಾಡುತ್ತಿದ್ದವರು, ಸಿಲಿಂಡರ್ ಹೊತ್ತು ಆಳಕ್ಕೆ ಇಳಿದವರಲ್ಲ, ಈ ವೈಟ್‌ಟಿಪ್ ಶಾರ್ಕನ್ನು ನೋಡುವುದಕ್ಕೆಂದೇ ಜಗತ್ತಿನ ಮೂಲೆಮೂಲೆಯಿಂದ ಡೈವರ್‌ಗಳು ಕೆಂಪು ಸಮುದ್ರಕ್ಕೆ ಬರುತ್ತಾರೆ. ಆದರೆ ಆಳಕ್ಕೆ ಇಳಿಯುವವನೂ ಮೊದಲು ಮೇಲ್ಮೈಯಲ್ಲಿ ಇರಲೇಬೇಕು, ಮೇಲೆ ಬಂದ ಮೇಲೆ ಬೋಟು ಸಮೀಪಿಸುವ ತನಕ ತೇಲುತ್ತಾ ಕಾಯಲೇಬೇಕು. ಈ ಮಾತು ಆ ಹೊತ್ತಿಗೆ ಯಾರ ಬಾಯಿಂದಲೂ ಬರಲಿಲ್ಲ.

ಸಂಯೋಜಕ ಒಪ್ಪುವ ಹಂತಕ್ಕೆ ಬಂದಿದ್ದ. ಆಗ ಅಲ್ಲಿಯವರೆಗೆ ಸುಮ್ಮನೆ ಕಾಫಿ ಕುಡಿಯುತ್ತಿದ್ದ ಹಿರಿಯರು ಡೈವಿಂಗ್ ಕೇಂದ್ರದ ಹುಡುಗನನ್ನು ಕರೆದು, ಮಗನ ಮೂಲಕ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿಸಿದರು. ಸಂಯೋಜಕ ಅದನ್ನು ಆ ರಾತ್ರಿಯೇ ಡೈರಿಯಲ್ಲಿ ಬರೆದುಕೊಂಡಿದ್ದಾನೆ.

“ಹಿಡಿದದ್ದು ಕಚ್ಚಿದ್ದನ್ನೇ ಅಂತ ಯಾರು ನೋಡಿದ್ದು? ಕೇಳು ಅವನನ್ನು.”

ಹುಡುಗನ ಬಳಿ ಉತ್ತರವಿರಲಿಲ್ಲ. ಹಿರಿಯರು ನಂತರ ತಂಡದವರಿಗೆ ತಮ್ಮ ತೋಟದ ಒಂದು ಸಂಗತಿ ಹೇಳಿದರು. ವರ್ಷಗಳ ಹಿಂದೆ ಅವರ ಪಕ್ಕದ ತೋಟದಲ್ಲಿ ಕಾಡಾನೆ ಒಬ್ಬ ಕಾರ್ಮಿಕನನ್ನು ತುಳಿದು ಕೊಂದಿತ್ತು. ಜನ ರೊಚ್ಚಿಗೆದ್ದರು, ಸಾಕಾನೆಗಳನ್ನು ತಂದು ಒಂದು ಒಂಟಿ ಸಲಗವನ್ನು ಹಿಡಿದು ಸಾಗಿಸಿದರು, ಎಲ್ಲರೂ ನೆಮ್ಮದಿಯಾದರು. ಕೊಯ್ಲಿನವರು ಬೆಳಗಿನ ಕತ್ತಲಲ್ಲೇ ಕೆಲಸಕ್ಕೆ ಇಳಿಯತೊಡಗಿದರು. ಮೂರನೆಯ ದಿನ ಅದೇ ತೋಟದ ಗದ್ದೆಯ ಏರಿಯ ಮೇಲೆ ಎಡಗಿವಿ ಹರಿದ ಸಲಗ ನಿಂತಿತ್ತು. ಸತ್ತವನ ಜೊತೆಯಲ್ಲಿದ್ದವರು ಮೊದಲ ದಿನದಿಂದಲೂ ಹೇಳುತ್ತಿದ್ದದ್ದು ಹರಿದ ಕಿವಿಯ ಆನೆಯನ್ನು; ಹಿಡಿದು ಸಾಗಿಸಿದ ಆನೆಯ ಕಿವಿ ನೆಟ್ಟಗಿತ್ತು. ಅವರ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ, ಅಷ್ಟೇ. “ಆನೆ ಹಿಡಿದಾಯ್ತು ಅಂದರೆ ಅದು ನಮ್ಮ ಭಯಕ್ಕೆ ಸಮಾಧಾನ. ಅಲ್ಲಿಗೆ ಯಾಕೆ ಬಂತು ಅನ್ನೋದಕ್ಕೆ ಅದು ಉತ್ತರ ಅಲ್ಲ. ಹಲಸಿನ ಹಣ್ಣು ಇನ್ನೂ ಮರದಲ್ಲೇ ಇದ್ದರೆ ಇನ್ನೊಂದು ಆನೆ ಬರುತ್ತೆ,” ಎಂದರಂತೆ.

ಕಡಲನ್ನು ಹತ್ತಿರದಿಂದ ಅದೇ ಮೊದಲ ಬಾರಿಗೆ ಕಂಡ ಮನುಷ್ಯ, ಕಡಲಿನ ಬಗ್ಗೆ ಆ ವಾರ ಕೇಳಬೇಕಾಗಿದ್ದ ಸರಿಯಾದ ಪ್ರಶ್ನೆಯನ್ನು ಕೇಳಿದರು. ಅಲ್ಲಿನ ತಿಳಿದವರೂ ಅದನ್ನೇ ಕೇಳುತ್ತಿದ್ದರು ಎಂಬುದು ನಮಗೆ ನಂತರ ಗೊತ್ತಾಯಿತು. ಕೆಂಪು ಸಮುದ್ರದ ಪರಿಸರ ಸಂರಕ್ಷಣೆಗೆ ದುಡಿಯುವ ಹೆಪ್ಕಾ ಎಂಬ ಸಂಸ್ಥೆ, ದಾಳಿಯ ಹೊತ್ತಿನಲ್ಲಿ ತೆಗೆಯಲಾಗಿದ್ದ ವೈಟ್‌ಟಿಪ್ ಶಾರ್ಕಿನ ಚಿತ್ರವನ್ನು ಕೊಂದ ಶಾರ್ಕಿನ ಚಿತ್ರದೊಂದಿಗೆ ಹೋಲಿಸಿ, ಇವೆರಡೂ ಒಂದೇ ಅಲ್ಲವೆಂದು ಬಹಿರಂಗವಾಗಿ ಹೇಳಿತ್ತು. ಜಾತಿ ಅದೇ, ಮೀನು ಬೇರೆ.

ಸಂಯೋಜಕ ಆಗ ತೆಗೆದುಕೊಂಡ ತೀರ್ಮಾನ ಹೀಗಿತ್ತು: ಎರಡು ದಿನ ಯಾರೂ ನೀರಿಗೆ ಇಳಿಯುವುದಿಲ್ಲ; ಪ್ರವಾಸದ ಕೊನೆಗೆ ಇಟ್ಟುಕೊಂಡಿದ್ದ ಸಿನಾಯ್ ಬೆಟ್ಟದ ಕಾರ್ಯಕ್ರಮವನ್ನು ಮುಂದಕ್ಕೆ ತಂದು ಆ ರಾತ್ರಿಯೇ ಹೊರಡುವುದು. ತಡಿಯಂಡಮೋಳ್‌ನ 1,748 ಮೀಟರ್ ಹತ್ತಿ ಅಭ್ಯಾಸವಿದ್ದವರಿಗೆ 2,285 ಮೀಟರಿನ ಆ ಬೆಟ್ಟದ ಮೇಲೆ ಸೂರ್ಯೋದಯ ನೋಡುವುದು ಒಂದು ಬದಲಿ ಆಕರ್ಷಣೆಯಾಗಬಹುದು, ಹತ್ತಲಾಗದ ಹಿರಿಯರು ತಪ್ಪಲಿನ ಸೇಂಟ್ ಕ್ಯಾಥರೀನ್ ಮಠದಲ್ಲಿ ಇರಬಹುದು ಎಂಬುದು ಅವನ ಲೆಕ್ಕ. ತೀರ್ಮಾನ ಸರಿಯಾಗಿತ್ತು. ಅದನ್ನು ಹೇಳಿದ ಬಗೆ ಸರಿಯಾಗಿರಲಿಲ್ಲ. ಹಿರಿಯರು ಆನೆಯ ಸಂಗತಿ ಹೇಳುವಾಗ ಕೂತು ಕೇಳಿದವರು ಏಳು ಮಂದಿ, ಉಳಿದವರು ಕೋಣೆಗಳಲ್ಲಿದ್ದರು. ಅವರಿಗೆ ಸಂಯೋಜಕ ಬಾಗಿಲು ತಟ್ಟಿ, ನಾಳೆ ಡೈವಿಂಗ್ ಇಲ್ಲ, ರಾತ್ರಿ ಹನ್ನೊಂದಕ್ಕೆ ಬಸ್ಸು ಎಂದಷ್ಟೇ ತಿಳಿಸಿದ. ಕಾರಣ ಕೇಳಿದವರಿಗೆ, ಎಲ್ಲರ ಒಳ್ಳೆಯದಕ್ಕೆ ಎಂದ. ಕಾರಣ ತಿಳಿಯದವರಲ್ಲಿ ಇಬ್ಬರು ಡೈವರ್‌ಗಳಿದ್ದರು, ಅಣ್ಣ ತಮ್ಮಂದಿರು, ಅಂಡಮಾನಿನಲ್ಲಿ ಎಲ್ಲರಿಗಿಂತ ಹೆಚ್ಚು ಡೈವ್ ಮಾಡಿದ್ದವರು. ಎರಡು ವರ್ಷ ದುಡ್ಡು ಕೂಡಿಟ್ಟು ಬಂದವರಿಗೆ, ಹೋಟೆಲಿನವರೇ ಇಳಿಯಬಹುದು ಎಂದಿರುವಾಗ ನಮ್ಮ ಊರಿನ ಒಬ್ಬ ಬೇಡ ಎನ್ನುವುದು ಹೇಗೆ ಕೇಳಿಸಿರಬೇಕೆಂದು ನಾನು ಈಗ ಊಹಿಸಬಲ್ಲೆ.

ಬಸ್ಸು ಹೊರಡುವಾಗ ತಮ್ಮ ತಲೆನೋವೆಂದ, ಅಣ್ಣ ಅವನ ಜೊತೆ ಉಳಿಯುತ್ತೇನೆಂದ. ಸಂಯೋಜಕ ನಂಬಿದ, ಹತ್ತು ಜನರೊಂದಿಗೆ ಹೊರಟ. ಈ ಬದಲಾವಣೆಯನ್ನು ನನಗೆ ತಿಳಿಸಲು ಫೋನು ಮಾಡಿದಾಗ ಮಡಿಕೇರಿಯಲ್ಲಿ ನಡುರಾತ್ರಿ ಕಳೆದು ಎರಡೂವರೆ. ನಾನು ನಿದ್ದೆಯಲ್ಲಿದ್ದೆ, ಎತ್ತಲಿಲ್ಲ. ಅವನು ಮತ್ತೆ ಮಾಡಲಿಲ್ಲ.

ಐದನೆಯ ತಾರೀಖು

ಡಿಸೆಂಬರ್ 5ರ ಭಾನುವಾರ ಶರ್ಮ್‌ನ ನಾಮಾ ಕೊಲ್ಲಿಯಲ್ಲಿ, ದಡದ ಹತ್ತಿರವೇ, ಎಪ್ಪತ್ತರ ಆಸುಪಾಸಿನ ಜರ್ಮನ್ ಮಹಿಳೆಯೊಬ್ಬರು ಶಾರ್ಕ್ ದಾಳಿಯಲ್ಲಿ ತೀರಿಕೊಂಡರು. ನೀರು ಸುರಕ್ಷಿತವೆಂದು ಈಜಲು ಬಿಟ್ಟ ಬೆನ್ನಲ್ಲೇ ಆದ ಸಾವು ಇದು. ನಮ್ಮ ತಂಡ ಇದ್ದ ಹೋಟೆಲು ಬೇರೊಂದು ಕೊಲ್ಲಿಯಲ್ಲಿತ್ತು.

ಭಾರತದ ಸಮಯ ರಾತ್ರಿ ಏಳೂವರೆ. ಟಿವಿಯ ಕೆಳಸಾಲಿನಲ್ಲಿ ಶಾರ್ಕ್ ದಾಳಿಗೆ ಈಜಿಪ್ಟಿನಲ್ಲಿ ಪ್ರವಾಸಿ ಬಲಿ ಎಂಬಷ್ಟೇ ಸುದ್ದಿ ಓಡುತ್ತಿತ್ತು. ಗಂಡೋ ಹೆಣ್ಣೋ, ಯಾವ ದೇಶದವರೋ ಇರಲಿಲ್ಲ. ಐದು ನಿಮಿಷದಲ್ಲಿ ಅಣ್ಣ ತಮ್ಮಂದಿರ ತಾಯಿಯ ಫೋನು ಬಂತು. ಚಿಕ್ಕಂದಿನಿಂದ ನೋಡಿದವರು, ನಾನು ಅಕ್ಕ ಎಂದು ಕರೆಯುವವರು. ನನ್ನ ಮೇಜಿನ ಮೇಲೆ ಸಂಯೋಜಕ ಹಿಂದಿನ ಸಂಜೆ ಕಳಿಸಿದ್ದ ಹೊಸ ಕಾರ್ಯಕ್ರಮದ ಪಟ್ಟಿ ಇತ್ತು, ಅದರಲ್ಲಿ ಐದನೆಯ ತಾರೀಖಿನ ಎದುರು ಸಿನಾಯ್ ಬೆಟ್ಟ ಎಂದಿತ್ತು, ಹನ್ನೆರಡು ಹೆಸರುಗಳಿದ್ದವು.

“ಏನೂ ಆಗಿಲ್ಲ ಅಕ್ಕ, ಎಲ್ಲರೂ ಬೆಟ್ಟಕ್ಕೆ ಹೋಗಿದ್ದಾರೆ. ಕಡಲಿನ ಹತ್ತಿರ ಯಾರೂ ಇಲ್ಲ,” ಎಂದೆ.

ಅವರು ದೇವರು ದೊಡ್ಡವನು ಎಂದು ಫೋನಿಟ್ಟರು. ಸಂಯೋಜಕನ ಫೋನು ಅಷ್ಟರವರೆಗೂ ಸಿಕ್ಕಿರಲಿಲ್ಲ, ಬೆಟ್ಟದ ದಾರಿಯಲ್ಲಿ ಸಿಗ್ನಲ್ ಇರಲಿಲ್ಲ. ನಾನು ಒಂದು ಕಾಗದವನ್ನು ಓದಿ, ಕಣ್ಣಾರೆ ಕಂಡವನ ಹಾಗೆ ಮಾತಾಡಿದ್ದೆ. ಏಜೆಂಟರು ನಮಗೆ ಮಾಡಿದ್ದನ್ನೇ ನಾನು ಆ ತಾಯಿಗೆ ಮಾಡಿದೆ.

ಎಂಟೂಕಾಲಿಗೆ ಸಂಯೋಜಕ ಬಸ್ಸಿನಿಂದ ಫೋನು ಮಾಡಿದ. ಹತ್ತು ಜನ ಕ್ಷೇಮ ಎಂದ. ಹತ್ತು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಮುಂದೇನು ಕೇಳಿದೆನೋ ನೆನಪಿಲ್ಲ. ಇಬ್ಬರು ಹೋಟೆಲಿನಲ್ಲೇ ಉಳಿದದ್ದು ಆಗ ತಿಳಿಯಿತು. ನಾನೂ ಸಂಯೋಜಕನೂ ಬೇರೆ ಬೇರೆ ಕಡೆಯಿಂದ ಹೋಟೆಲಿಗೆ ಫೋನು ಮಾಡಿದೆವು. ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಸ್ವಾಗತದ ಮೇಜಿನಲ್ಲಿದ್ದವರು ವಿಚಾರಿಸಿ, ಇಬ್ಬರೂ ಬೆಳಿಗ್ಗೆ ಡೈವಿಂಗ್ ಬೋಟು ಹತ್ತಿದ್ದಾರೆ ಎಂದರು.

ಇಲ್ಲಿ ನನಗೆ ಎರಡು ದಾರಿಗಳಿದ್ದವು. ಅಕ್ಕನಿಗೆ ಈಗಲೇ ಫೋನು ಮಾಡಿ ನಾನು ಹೇಳಿದ್ದು ತಪ್ಪು ಎನ್ನುವುದು. ಇಲ್ಲವೇ ಮಕ್ಕಳು ಸಿಕ್ಕಿದ ಮೇಲೆ ಹೇಳುವುದು. ಇಪ್ಪತ್ತು ನಿಮಿಷ ನಾನು ಎರಡನೆಯದನ್ನೇ ಮಾಡಿದೆ. ಸುಮ್ಮನೆ ಯಾಕೆ ಹೆದರಿಸಬೇಕು ಎಂಬ ಸಮಾಧಾನ ಹೇಳಿಕೊಂಡೆ. ಆಮೇಲೆ, ಬೇರೆ ಯಾರಿಂದಲಾದರೂ ಆಕೆಗೆ ತಿಳಿದರೆ ಮುಂದೆ ನಾನು ಹೇಳುವ ಯಾವ ಮಾತಿಗೂ ಬೆಲೆ ಇರುವುದಿಲ್ಲ ಎಂಬುದು ಹೊಳೆದು ಫೋನು ಮಾಡಿದೆ. ಕೇಳಿ ತಿಳಿಯದೆ ಮಾತಾಡಿದ್ದೇನೆ, ಮಕ್ಕಳು ಬೆಟ್ಟಕ್ಕೆ ಹೋಗಿಲ್ಲ, ಬೋಟಿನಲ್ಲಿ ಹೋಗಿದ್ದಾರೆ, ಎಲ್ಲಿದ್ದಾರೆಂದು ಹುಡುಕುತ್ತಿದ್ದೇವೆ, ಪ್ರತಿ ಹದಿನೈದು ನಿಮಿಷಕ್ಕೆ ಸುದ್ದಿ ಇರಲಿ ಬಿಡಲಿ ಫೋನು ಮಾಡುತ್ತೇನೆ ಎಂದೆ. ಆಕೆ ಬೈಯಲಿಲ್ಲ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ. ಮಾತು ಕೊಟ್ಟಂತೆ ನಾಲ್ಕು ಸಲ ಫೋನು ಮಾಡಿದೆ. ನಾಲ್ಕು ಸಲವೂ ಹೇಳಲು ಏನೂ ಇರಲಿಲ್ಲ.

ಒಂಬತ್ತು ನಲವತ್ತಕ್ಕೆ ಹುಡುಗರು ಸಿಕ್ಕಿದರು. ದಾಳಿಯ ಸುದ್ದಿ ಬಂದೊಡನೆ ಬೋಟನ್ನು ದಡಕ್ಕೆ ಕರೆಸಿದ್ದರು, ಜೆಟ್ಟಿಯಲ್ಲೇ ಎಲ್ಲರನ್ನೂ ಕೂರಿಸಿ ಹೆಸರು ಬರೆದುಕೊಂಡಿದ್ದರು. ಫೋನುಗಳು ಕೋಣೆಯ ಬೀರುವಿನಲ್ಲಿದ್ದವು. ಅವರು ಬೆಳಿಗ್ಗೆ ಒಂದು ಡೈವ್ ಮುಗಿಸಿದ್ದರು. ಮೇಲೆ ಬಂದ ಮೇಲೆ ಬೋಟು ತಿರುಗಿ ಬರುವ ತನಕ ಏಳೆಂಟು ನಿಮಿಷ ತೆರೆದ ನೀರಿನಲ್ಲಿ ಕಾಲು ಇಳಿಬಿಟ್ಟು ತೇಲುತ್ತಿದ್ದೆವೆಂದು ಅಣ್ಣ ನಂತರ ಹೇಳಿದ. ಅವರ ಸುತ್ತ ಏನೂ ಇರಲಿಲ್ಲ, ಅಥವಾ ಇದ್ದದ್ದು ಅವರಿಗೆ ಕಾಣಲಿಲ್ಲ.

ನಂತರ

ಈಜು ಮತ್ತೆ ಬಂದ್ ಆಯಿತು. ಉಳಿದ ದಿನಗಳನ್ನು ತಂಡ ಕೈರೋದಲ್ಲಿ ಪಿರಮಿಡ್ಡುಗಳನ್ನು ನೋಡಿ ಕಳೆಯಿತು. ಹಣದ ವಿಷಯದಲ್ಲಿ ಏಜೆಂಟರು, ನಾಲ್ಕನೆಯ ಮತ್ತು ಐದನೆಯ ತಾರೀಖು ನೀರು ತೆರೆದಿತ್ತು, ಇಳಿಯದೆ ಉಳಿದದ್ದು ನಿಮ್ಮ ಇಚ್ಛೆ ಎಂದು ವಾದಿಸಿ, ಆಮೇಲಿನ ದಿನಗಳ ಡೈವಿಂಗ್ ಹಣವನ್ನಷ್ಟೇ ಹಿಂದಿರುಗಿಸಿದರು. ಉಳಿದದ್ದನ್ನು ನಾವು ಕೈಯಿಂದ ಕೊಟ್ಟೆವು. ಮುಂದಿನ ಎರಡು ಮಳೆಗಾಲದ ಲಾಭ ಅದಕ್ಕೇ ಹೋಯಿತು.

ಈಜಿಪ್ಟ್ ಸರ್ಕಾರ ಫ್ಲೋರಿಡಾದ ಜಾರ್ಜ್ ಬರ್ಗೆಸ್ ಸೇರಿದಂತೆ ಹೊರಗಿನ ತಜ್ಞರನ್ನು ಕರೆಸಿತು. ಅವರ ತಿಳಿವಳಿಕೆಯ ಪ್ರಕಾರ ಕಾರಣ ಒಂದೇ ಆಗಿರಲಿಲ್ಲ. ನವೆಂಬರ್ ಮಧ್ಯದ ಬಕ್ರೀದ್ ಹೊತ್ತಿಗೆ ಕುರಿಗಳನ್ನು ಸಾಗಿಸುತ್ತಿದ್ದ ಹಡಗಿನಿಂದ ಸತ್ತ ಕುರಿಗಳನ್ನು ಕಡಲಿಗೆ ಎಸೆದದ್ದು. ಪ್ರವಾಸಿಗಳಿಗೆ ತೋರಿಸಲೆಂದು ಮೀನು ಮಾಂಸ ಹಾಕಿ ಶಾರ್ಕ್‌ಗಳನ್ನು ಮನುಷ್ಯರ ಹತ್ತಿರಕ್ಕೆ ಕರೆದು ರೂಢಿಸಿದ್ದು. ಅತಿಯಾದ ಮೀನುಗಾರಿಕೆಯಿಂದ ಅವುಗಳ ಸಹಜ ಆಹಾರ ಕಡಿಮೆಯಾದದ್ದು. ಆ ಅವಧಿಯಲ್ಲಿ ನೀರು ವಾಡಿಕೆಗಿಂತ ಬೆಚ್ಚಗಿದ್ದದ್ದು. ಇವೆಲ್ಲ ಕೂಡಿ ನಡುಗಡಲಿನ ಎರಡು ಜಾತಿಯ ಶಾರ್ಕ್‌ಗಳು ದಡಕ್ಕೆ ಬಂದಿದ್ದವು. ಹೊಸ ನಿಯಮಗಳಲ್ಲಿ ಶಾರ್ಕ್‌ಗಳಿಗೆ ಆಹಾರ ಹಾಕುವುದನ್ನು ನಿಷೇಧಿಸಲಾಯಿತು. ಹಿರಿಯರು ಹೇಳಿದ ಹಲಸಿನ ಹಣ್ಣು ಎಂದರೆ ಇದೇ. ಅದು ಮರದಲ್ಲೇ ಇತ್ತು, ಅದನ್ನು ಮರೆತು ಆನೆ ಹಿಡಿಯಲಾಗಿತ್ತು.

ಈ ಪ್ರಕರಣದಿಂದ ಬದಲಾದದ್ದು

ಈಗ ನಮ್ಮ ಪ್ರವಾಸಗಳಲ್ಲಿ, ಅಪಾಯ ತಪ್ಪಿತು ಎಂದು ಯಾರಾದರೂ ಹೇಳಿದರೆ ನಾವು ಮೂರು ಮಾತು ಕೇಳುತ್ತೇವೆ. ಅಪಾಯ ಮಾಡಿದ್ದು ಇದೇ ಎಂದು ಗುರುತಿಸಿದವರು ಯಾರು, ಯಾವ ಗುರುತಿನಿಂದ? ಅದು ಅಲ್ಲಿಗೆ ಬರಲು ಕಾರಣವೇನು? ಆ ಕಾರಣ ಈಗಲೂ ಅಲ್ಲಿದೆಯೇ? ಶಾರ್ಕಿಗೆ, ಆನೆಗೆ ಮಾತ್ರವೆಂದು ಇದನ್ನು ಇಟ್ಟುಕೊಂಡಿಲ್ಲ. 2018ರ ಆಗಸ್ಟಿನ ಭೂಕುಸಿತದ ನಂತರ ರಸ್ತೆ ತೆರೆದಿದೆ ಬನ್ನಿ ಎಂದವರನ್ನೂ ಇದೇ ಮೂರು ಮಾತು ಕೇಳಿದೆವು: ಮಣ್ಣು ತೆಗೆದದ್ದು ತಿಳಿಯಿತು, ಮೇಲಿನ ಗುಡ್ಡದಲ್ಲಿ ನೀರು ಇನ್ನೂ ಜಿನುಗುತ್ತಿದೆಯೇ ಎಂದು ನೋಡಿದವರು ಯಾರು? ಉತ್ತರ ಸಿಗದ ಕಡೆಗೆ ಗಾಡಿ ಕಳಿಸಲಿಲ್ಲ.

ಆದರೆ ಪ್ರಶ್ನೆ ಸರಿಯಾಗಿದ್ದರೆ ಸಾಲದು ಎಂಬುದು ಈ ಪ್ರಕರಣದ ಹೆಚ್ಚು ನೋವಿನ ಭಾಗ. ನಾಲ್ಕನೆಯ ತಾರೀಖಿನ ಸಂಜೆ ನಮ್ಮ ಬಳಿ ಸರಿಯಾದ ಪ್ರಶ್ನೆಯೂ ಇತ್ತು, ಸರಿಯಾದ ತೀರ್ಮಾನವೂ ಇತ್ತು. ಹಾಗಿದ್ದೂ ಮರುದಿನ ಬೆಳಿಗ್ಗೆ ಇಬ್ಬರು ನೀರಿನಲ್ಲಿದ್ದರು, ಏಕೆಂದರೆ ಅವರಿಗೆ ತಲುಪಿದ್ದು ಆಜ್ಞೆ. ಆನೆಯ ಕಥೆ ತಲುಪಿರಲಿಲ್ಲ. ಆ ಕಥೆಯನ್ನು ಕೇಳಿದ ಉಳಿದ ಮೂವರು ಡೈವರ್‌ಗಳು ಮರುಮಾತಿಲ್ಲದೆ ಬಸ್ಸು ಹತ್ತಿದ್ದರು. ಸಂಯೋಜಕ ಈಗ ಇಂಥ ತೀರ್ಮಾನವನ್ನು ಬಾಗಿಲು ತಟ್ಟಿ ಹೇಳುವುದಿಲ್ಲ, ಎಲ್ಲರನ್ನೂ ಒಂದೆಡೆ ಕೂರಿಸಿ ಕಾರಣವನ್ನು ಪೂರ್ತಿ ಹೇಳುತ್ತಾನೆ, ಒಪ್ಪದವರ ಮಾತನ್ನೂ ಅಲ್ಲೇ ಕೇಳುತ್ತಾನೆ. ಯಾರನ್ನಾದರೂ ಹಿಂದೆ ಬಿಟ್ಟು ಹೋಗುವುದಿದ್ದರೆ ನಮ್ಮಲ್ಲೊಬ್ಬ ಅವರ ಜೊತೆ ಉಳಿಯುತ್ತಾನೆ. ಮಡಿಕೇರಿಯಲ್ಲಿ ಕೂರುವವನು ಪಟ್ಟಿ ನೋಡಿ ಮನೆಯವರಿಗೆ ಉತ್ತರಿಸುವಂತಿಲ್ಲ; ದಿನಕ್ಕೆ ಎರಡು ಸಲ ತಲೆ ಎಣಿಸಿದ ಸಂಖ್ಯೆಯನ್ನು ಅಲ್ಲಿಂದ ಕೇಳಿ, ಸಮಯ ಬರೆದಿಟ್ಟು, ಇಷ್ಟು ಗಂಟೆಗೆ ತಿಳಿದ ಪ್ರಕಾರ ಎಂದೇ ಹೇಳಬೇಕು. ತಿಳಿಯದಿದ್ದರೆ ತಿಳಿಯದು ಎನ್ನಬೇಕು. ಈ ಕೊನೆಯದನ್ನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಕಲಿಸುವುದು ಬಹಳ ಕಷ್ಟ, ಎದುರಿಗೆ ಒಬ್ಬ ತಾಯಿ ಅಳುತ್ತಿರುವಾಗ ನಾಲಗೆ ತಾನಾಗಿ ಸಮಾಧಾನದ ಕಡೆಗೆ ಹೊರಳುತ್ತದೆ.

ಹಣದ ಬಗ್ಗೆ ಒಂದು ಮಾತು. ಹೊರಡುವ ಮುನ್ನ ರದ್ದು ಮಾಡಿದರೆ ಯಾರಿಗೆ ಎಷ್ಟು ನಷ್ಟ ಎಂಬುದನ್ನು ಈಗ ಬುಕಿಂಗ್ ದಿನವೇ ಬರೆದು ಕೊಡುತ್ತೇವೆ, ಅಪಾಯದ ಸುದ್ದಿ ಬಂದರೆ ಆ ಅಂಕಿಯನ್ನು ಮುಂದಿಟ್ಟುಕೊಂಡೇ ತಂಡದವರನ್ನು ಕೇಳುತ್ತೇವೆ. ನಷ್ಟದ ಭಯವನ್ನು ಬಚ್ಚಿಟ್ಟುಕೊಂಡು ಸುರಕ್ಷತೆಯ ಬಗ್ಗೆ ಮಾತಾಡಿದರೆ ಏನಾಗುತ್ತದೆಂಬುದನ್ನು ಡಿಸೆಂಬರ್ 2ರ ಮಧ್ಯಾಹ್ನ ನಾನೇ ಮಾಡಿ ನೋಡಿದ್ದೇನೆ.

ಕೆಲವು ವರ್ಷಗಳ ನಂತರ ಸಿದ್ದಾಪುರದ ಕಡೆಯ ಒಂದು ಹೋಮ್‌ಸ್ಟೇಯವರು ನಮ್ಮನ್ನು ಸಲಹೆಗೆ ಕರೆದರು. ಅತಿಥಿಯೊಬ್ಬರನ್ನು ಕಾಡಾನೆ ಅಟ್ಟಿಸಿಕೊಂಡು ಬಂದಿತ್ತು, ಹತ್ತಿರದ ತೋಟದಲ್ಲಿ ಒಂದು ಪುಂಡಾನೆಯನ್ನು ಹಿಡಿದಿದ್ದರು, ತೋಟದ ಬೆಳಗಿನ ನಡಿಗೆಯನ್ನು ಮತ್ತೆ ಶುರು ಮಾಡಬಹುದೇ ಎಂಬುದು ಅವರ ಪ್ರಶ್ನೆ. ನಾನು ಹಿರಿಯರನ್ನೂ ಕರೆದುಕೊಂಡು ಹೋದೆ. ಅವರು ಮನೆಯ ಮುಂದಿನ ಯಾವುದನ್ನೂ ನೋಡಲಿಲ್ಲ. ನೇರ ಅಡುಗೆಮನೆಯ ಹಿಂದಕ್ಕೆ ಹೋಗಿ, ಊಟದ ಉಳಿಕೆ ಮತ್ತು ಹಣ್ಣಿನ ಸಿಪ್ಪೆ ಸುರಿಯುವ ಗುಂಡಿಯ ಬಳಿ ನಿಂತು, ಮಣ್ಣಿನಲ್ಲಿದ್ದ ಹೆಜ್ಜೆಯ ಅಂಚನ್ನು ಕೋಲಿನಿಂದ ಮುಟ್ಟಿದರು. ಅಂಚು ಇನ್ನೂ ಉದುರಿರಲಿಲ್ಲ. “ಇದು ನಿನ್ನೆ ರಾತ್ರಿದು. ನೀವು ಹಿಡಿದದ್ದು ಯಾವಾಗ ಅಂದ್ರಿ?” ಎಂದು ಕೇಳಿದರು. ಹಿಡಿದು ಹನ್ನೊಂದು ದಿನವಾಗಿತ್ತು. ಆ ವಾರ ಗುಂಡಿಯನ್ನು ಮುಚ್ಚಿ, ಉಳಿಕೆಯನ್ನು ದಿನವೂ ಪೇಟೆಗೆ ಸಾಗಿಸುವ ವ್ಯವಸ್ಥೆಯಾಯಿತು. ಬೆಳಗಿನ ನಡಿಗೆ ಆ ವರ್ಷ ಶುರುವಾಗಲಿಲ್ಲ.